ಮೊಲ ತನ್ನ ಪಾದವನ್ನೇ ಕಚ್ಚಿಕೊಂಡಿದೆಯೇ? ಕಾರಣ ಹುಡುಕಿ ಆರೈಕೆ ಮಾಡುವ ಬಗೆ

"ಮೊಲ ತನ್ನ ಕಾಲನ್ನು ತಾನೇ ಕಚ್ಚಿ ಗಾಯ ಮಾಡಿಕೊಂಡಿದೆ, ಯಾವ ಮುಲಾಮು ಹಚ್ಚಲಿ?" ಮೊಲ ಸಾಕಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಗಾಬರಿಯಾಗುವುದು ಸಹಜ. ಆದರೆ ಮುಲಾಮಿನ ಮಾತು ಇಲ್ಲಿ ಕೊನೆಗೆ ಬರಬೇಕಾದದ್ದು. ರಕ್ತ ಬರುವವರೆಗೆ ಮೊಲ ತನ್ನ ಪಾದವನ್ನು ಕಡಿಯುತ್ತಿದೆ ಎಂದರೆ ಬಹುಪಾಲು ಅಲ್ಲಿ ನೋವೋ ತುರಿಕೆಯೋ ಜೋಮೋ ಇದೆ ಎಂದೇ ಅರ್ಥ. ಅದರ ಮೂಲ ಪಾದದಲ್ಲೇ ಇರಬೇಕೆಂದೇನೂ ಇಲ್ಲ. ತೊಡೆಯ ನರದಲ್ಲಿರಬಹುದು, ಬೆನ್ನುಮೂಳೆಯಲ್ಲಿರಬಹುದು. ಬಾಯಿ ಗಾಯಕ್ಕೆ ಎಟುಕದಂತೆ ಕೊರಳಿಗೆ ತಡೆಪಟ್ಟಿ ಕಟ್ಟಿದರೆ ಮೇಲಿನ ಗಾಯ ಒಣಗೀತು. ಕಚ್ಚಲು ಕಾರಣವಾದದ್ದು ಹಾಗೇ ಉಳಿದಿದ್ದರೆ ಪಟ್ಟಿ ಬಿಚ್ಚಿದ ದಿನವೇ ಎಲ್ಲವೂ ಮತ್ತೆ ಶುರು.

ಈ ಲೇಖನ ಪಶುವೈದ್ಯರಿಗೆ ಬದಲಿಯಲ್ಲ. ಗಾಯ ಕಂಡ ಹೊತ್ತಿನಿಂದ ವೈದ್ಯರ ಬಳಿ ಹೋಗುವವರೆಗೆ ನೀವು ಏನು ಮಾಡಬೇಕು, ಅಲ್ಲಿ ಏನು ಹೇಳಬೇಕು, ಏನು ಕೇಳಬೇಕು, ಮನೆಗೆ ಬಂದ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನಷ್ಟೇ ಇಲ್ಲಿ ಹೇಳಿದ್ದೇನೆ.

ಕಾಯಬಾರದ ಸಂದರ್ಭಗಳು

ಈ ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಲೇಖನವನ್ನು ಇಲ್ಲಿಗೇ ಬಿಟ್ಟು ಹೊರಡಿ:

- ಹತ್ತು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲುತ್ತಿಲ್ಲ.
- ಮೂಳೆ ಕಾಣುತ್ತಿದೆ, ಅಥವಾ ಬೆರಳಿನ ತುದಿಯೇ ಇಲ್ಲ.
- ಗಾಯದಲ್ಲಿ ಹುಳ ಬಿದ್ದಿದೆ. ನೊಣದ ಮೊಟ್ಟೆಗಳು ಒಂದೇ ದಿನದೊಳಗೆ ಮರಿಹುಳಗಳಾಗಬಲ್ಲವು. ಆಮೇಲೆ ಮೊಲದ ಸ್ಥಿತಿ ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ.
- ಹಿಂಗಾಲುಗಳನ್ನು ಎಳೆಯುತ್ತಿದೆ, ಅಥವಾ ಮೂತ್ರದ ಮೇಲೆ ಹಿಡಿತ ತಪ್ಪಿದೆ.
- ಹನ್ನೆರಡು ಗಂಟೆಯಿಂದ ಏನೂ ತಿಂದಿಲ್ಲ ಅಥವಾ ಹಿಕ್ಕೆ ಹಾಕಿಲ್ಲ. ನೋವಿನಿಂದ ಮೊಲದ ಕರುಳಿನ ಚಲನೆಯೇ ನಿಂತುಹೋಗಬಹುದು. ಪಾದದ ಗಾಯಕ್ಕಿಂತ ಬೇಗ ಪ್ರಾಣ ತೆಗೆಯುವುದು ಇದು.
- ಕಿವಿ, ಮೈ ತಣ್ಣಗಾಗಿ ಮಂಕಾಗಿದೆ. ದೇಹದ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ದಪ್ಪ ಟವೆಲ್, ಟಾರ್ಚ್, ಸ್ವಚ್ಛವಾದ ಗಾಜ್ ಬಟ್ಟೆ, ಕೈಗವಸು, ಪೊವಿಡೋನ್ ಅಯೋಡಿನ್ ದ್ರಾವಣ, ತೂಕದ ಯಂತ್ರ, ಚಿತ್ರ ತೆಗೆಯಲು ಮೊಬೈಲ್. ಉಪ್ಪುನೀರನ್ನು ನೀವೇ ಮಾಡಿಕೊಳ್ಳಬಹುದು: ಅರ್ಧ ಲೀಟರ್ ನೀರನ್ನು ಕುದಿಸಿ ಆರಿಸಿ, ಅದಕ್ಕೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು. ಹತ್ತಿಯನ್ನು ದೂರವಿಡಿ. ಅದರ ಎಳೆಗಳು ಗಾಯಕ್ಕೆ ಅಂಟಿಕೊಳ್ಳುತ್ತವೆ.

ಹಂತ 1: ಮುಟ್ಟುವ ಮೊದಲು ನೋಡಿ

ಮೊಲ ದಿನಕ್ಕೆ ಹಲವು ಸಲ ತನ್ನ ಪಾದ ನೆಕ್ಕಿ, ಬೆರಳುಗಳ ನಡುವೆ ಹಲ್ಲಾಡಿಸಿ ಶುಚಿ ಮಾಡಿಕೊಳ್ಳುತ್ತದೆ. ಅದು ರೋಗವಲ್ಲ. ಒಂದೇ ಕಾಲಿಗೆ, ಒಂದೇ ಬೆರಳಿಗೆ ಮತ್ತೆ ಮತ್ತೆ ಬಾಯಿ ಹಾಕುವುದು, ತಿನ್ನುತ್ತಿದ್ದುದನ್ನು ತಟ್ಟನೆ ಬಿಟ್ಟು ಕಾಲಿನ ಕಡೆ ತಿರುಗುವುದು, ಕಾಲು ಕೊಡವುವುದು, ಕೂದಲು ಕಿತ್ತುಹಾಕುವುದು ರೋಗದ ಲಕ್ಷಣ. ವಿಡಿಯೊ ಮಾಡಿಕೊಳ್ಳಿ. ವೈದ್ಯರ ಮೇಜಿನ ಮೇಲೆ ಹೆದರಿ ಕಲ್ಲಾಗಿ ಕೂರುವ ಮೊಲ ಅಲ್ಲಿ ಏನನ್ನೂ ಮಾಡಿ ತೋರಿಸುವುದಿಲ್ಲ.

ಮೊಲ ಕಚ್ಚಿದ್ದನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ ಎಂದೂ ಕೇಳಿಕೊಳ್ಳಿ. ಕಾಣದಿದ್ದರೆ ಜೊತೆಯ ಮೊಲ ಕಚ್ಚಿರಬಹುದು, ಗೂಡಿಗೆ ಇಲಿ ನುಗ್ಗಿರಬಹುದು, ತಂತಿಜಾಲರಿಗೆ ಉಗುರು ಸಿಕ್ಕಿ ಹರಿದಿರಬಹುದು. ಇವುಗಳಿಗೆ ಪರಿಹಾರ ಬೇರೆ.

ತಪ್ಪು ಗುರುತಿನ ಇನ್ನೆರಡು ಸಂಗತಿಗಳಿವೆ. ಹೆಣ್ಣು ಮೊಲ ಗಂಟಲ ಕೆಳಗಿನ ಮತ್ತು ಹೊಟ್ಟೆಯ ಕೂದಲನ್ನು ಕಿತ್ತು ರಾಶಿ ಹಾಕುತ್ತಿದ್ದರೆ ಅದು ಗೂಡು ಕಟ್ಟುವ ತಯಾರಿ. ಗರ್ಭವಿಲ್ಲದಿದ್ದರೂ ಹೀಗೆ ಮಾಡುವುದುಂಟು. ಮುಂಗಾಲುಗಳ ಒಳಬದಿಯ ಕೂದಲು ಒದ್ದೆಯಾಗಿ ಗಂಟುಕಟ್ಟಿದ್ದರೆ ಮೊಲ ಆ ಕಾಲಿನಿಂದ ಮೂಗನ್ನೋ ಕಣ್ಣನ್ನೋ ಒರೆಸಿಕೊಳ್ಳುತ್ತಿದೆ, ಇಲ್ಲವೇ ಹಲ್ಲಿನ ತೊಂದರೆಯಿಂದ ಜೊಲ್ಲು ಸುರಿಯುತ್ತಿದೆ. ಆಗ ನೋಡಬೇಕಾದದ್ದು ಪಾದವನ್ನಲ್ಲ, ಮುಖವನ್ನು.

ಹಂತ 2: ಹಿಂದಿನ ಎರಡು ವಾರಗಳನ್ನು ನೆನಪಿಸಿಕೊಳ್ಳಿ

ಉತ್ತರ ಹೆಚ್ಚಾಗಿ ಸಿಗುವುದು ಇಲ್ಲಿ. ಬರೆದಿಟ್ಟುಕೊಳ್ಳಿ: ಮೊಲ ಬಿದ್ದಿತೇ? ಯಾರಾದರೂ ಎತ್ತಿಕೊಂಡಾಗ ಜೋರಾಗಿ ಒದ್ದು ಕೊಸರಾಡಿತೇ? ಉಗುರು ಕತ್ತರಿಸಿದಿರಾ? ಗೂಡಿನ ಹಾಸು ಅಥವಾ ನೆಲ ಒರೆಸುವ ದ್ರಾವಣ ಬದಲಾಯಿತೇ? ಹೊಸ ಪ್ರಾಣಿ ಬಂದಿತೇ? ಕಾಲಿಗೆ ಬ್ಯಾಂಡೇಜ್ ಕಟ್ಟಿತ್ತೇ?

ಎಲ್ಲಕ್ಕಿಂತ ಮುಖ್ಯವಾಗಿ, ಆ ಹಿಂಗಾಲಿನ ತೊಡೆಗೆ ಚುಚ್ಚುಮದ್ದು ಕೊಡಲಾಗಿತ್ತೇ? ತೊಡೆಯ ಹಿಂಭಾಗದಲ್ಲಿ ಸಯಾಟಿಕ್ ನರ ಹಾದುಹೋಗುತ್ತದೆ. ಇದು ಸೊಂಟದಿಂದ ಪಾದದವರೆಗೆ ಇಳಿಯುವ ದೊಡ್ಡ ನರ. ಸೂಜಿಯೋ ಔಷಧವೋ ಅದಕ್ಕೆ ತಾಗಿ ಕೆರಳಿಸಿದರೆ ಪಾದದಲ್ಲಿ ಜೋಮು, ಉರಿ ಅಥವಾ ಮರಗಟ್ಟಿದ ಅನುಭವ ಉಂಟಾಗುತ್ತದೆ. ಆಗ ಮೊಲ ತನ್ನ ಬೆರಳುಗಳನ್ನು ತನ್ನದಲ್ಲವೆಂಬಂತೆ ಕಡಿಯತೊಡಗುತ್ತದೆ. ಕೆಟಮಿನ್, ಜೈಲಜಿನ್ ಎಂಬ ಅರಿವಳಿಕೆ ಔಷಧಗಳನ್ನು ತೊಡೆಯ ಸ್ನಾಯುವಿಗೆ ಕೊಟ್ಟ ಕೆಲವು ದಿನಗಳಲ್ಲೇ ಮೊಲಗಳು ಹೀಗೆ ಬೆರಳು ಕಡಿದುಕೊಂಡದ್ದು ಪಶುವೈದ್ಯಕೀಯದಲ್ಲಿ ದಾಖಲಾಗಿದೆ. ಇದನ್ನು ಹೇಳುವುದು ವೈದ್ಯರ ಮೇಲೆ ದೂರು ಹೊರಿಸಲಿಕ್ಕಲ್ಲ. ಶಸ್ತ್ರಚಿಕಿತ್ಸೆ ಆಗಿ ನಾಲ್ಕು ದಿನಕ್ಕೆ ಕಾಲಿಗೆ ಗಾಯವಾದರೆ ಎರಡಕ್ಕೂ ಸಂಬಂಧವಿದೆ ಎಂದು ಸಾಕಿದವರಿಗೆ ಹೊಳೆಯುವುದೇ ಇಲ್ಲ. ಚುಚ್ಚುಮದ್ದಿನ ದಿನಾಂಕ, ಯಾವ ಕಾಲು, ಯಾವ ಔಷಧ ಎಂಬುದನ್ನು ಕೇಳಿ ಪಡೆಯಿರಿ. ಮುಂದೆ ಚುಚ್ಚುಮದ್ದು ಬೇಕಾದಾಗ ಚರ್ಮದಡಿಗೋ ಸೊಂಟದ ಸ್ನಾಯುವಿಗೋ ಕೊಡಬಹುದೇ ಎಂದು ವಿಚಾರಿಸುವುದು ನಿಮ್ಮ ಹಕ್ಕು.

ಹಂತ 3: ಸರಿಯಾಗಿ ಹಿಡಿದುಕೊಳ್ಳಿ

ಮೊಲದ ಹಿಂಗಾಲುಗಳ ಬಲಕ್ಕೆ ಹೋಲಿಸಿದರೆ ಅದರ ಬೆನ್ನುಮೂಳೆ ನಾಜೂಕು. ಹಿಂಭಾಗಕ್ಕೆ ಆಸರೆಯಿಲ್ಲದೆ ಎತ್ತಿದಾಗ ಒಂದೇ ಒದೆತಕ್ಕೆ ಬೆನ್ನು ಮುರಿದುಕೊಳ್ಳಬಲ್ಲದು. ಆದ್ದರಿಂದ ನೆಲದ ಮೇಲೆ ಕುಳಿತು ಪರೀಕ್ಷಿಸಿ. ಮೊಲವನ್ನು ಟವೆಲ್‌ನಲ್ಲಿ ಸುತ್ತಿ, ನೋಡಬೇಕಾದ ಪಾದವನ್ನು ಮಾತ್ರ ಹೊರಗೆ ಬಿಡಿ. ಇನ್ನೊಬ್ಬರು ಇದ್ದರೆ ಒಳ್ಳೆಯದು. ಒಬ್ಬರು ಹಿಡಿಯಲಿ, ಒಬ್ಬರು ನೋಡಲಿ.

ಅಂಗಾತ ಮಲಗಿಸಿದರೆ ಮೊಲ ಸ್ತಬ್ಧವಾಗುತ್ತದೆ, ಆಗ ನೋಡುವುದು ಸುಲಭ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಅದನ್ನು ಪಾಲಿಸಬೇಡಿ. ಅದು ವಿಶ್ರಾಂತಿಯಲ್ಲ, ಬೇಟೆಗೆ ಸಿಕ್ಕ ಪ್ರಾಣಿಯ ಭಯ.

ಕೊಸರಾಟ ಹೆಚ್ಚಾದರೆ ಬಿಟ್ಟುಬಿಡಿ. ಪೂರ್ತಿ ನೋಡಲೇಬೇಕೆಂಬ ಹಟ ಬೇಡ.

ಹಂತ 4: ಗಾಯ ಎಲ್ಲಿದೆ, ಹೇಗಿದೆ ಎಂದು ಓದಿ

ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು ಬೆರಳುಗಳು. ನಾಯಿ, ಬೆಕ್ಕುಗಳ ಪಾದದಡಿ ಇರುವ ದಪ್ಪ ಮೆತ್ತೆ ಮೊಲಕ್ಕೆ ಇಲ್ಲ. ಕೂದಲೇ ಅದರ ಪಾದರಕ್ಷೆ. ಹಾಗಾಗಿ ಚೆನ್ನಾಗಿ ಕಾಣಲೆಂದು ಪಾದದಡಿಯ ಕೂದಲನ್ನು ಕತ್ತರಿಸಬೇಡಿ, ಬೆರಳಿನಿಂದ ಸರಿಸಿ ನೋಡಿ. ಮೊದಲು ಗಾಯವಿಲ್ಲದ ಪಾದ, ಆಮೇಲೆ ಗಾಯವಾದದ್ದು. ಹೋಲಿಸದೆ ಊತ ಗೊತ್ತಾಗುವುದಿಲ್ಲ.

ಒಂದೇ ಬೆರಳು ಊದಿ, ಕೆಂಪಾಗಿ ಅಥವಾ ನೀಲಿಯಾಗಿದ್ದರೆ ಅದರ ಬುಡವನ್ನು ಟಾರ್ಚ್ ಹಾಕಿ ನೋಡಿ. ಉದ್ದ ಕೂದಲು, ದಾರ, ಜಮಖಾನೆಯ ಎಳೆ ಸುತ್ತಿಕೊಂಡು ಬಿಗಿದಿರಬಹುದು. ಸಡಿಲವಾಗಿ ಕಾಣುತ್ತಿದ್ದರೆ ಮೊಂಡು ತುದಿಯ ಕತ್ತರಿಯಿಂದ ಬಿಡಿಸಿ. ಚರ್ಮದೊಳಗೆ ಹೂತುಹೋಗಿದ್ದರೆ ಮುಟ್ಟದೆ ಅಂದೇ ವೈದ್ಯರ ಬಳಿಗೆ. ಬೆರಳುಗಳ ನಡುವೆ ಮುಳ್ಳು, ಒಣಹುಲ್ಲಿನ ಚೂಪಾದ ಕಡ್ಡಿ ಚುಚ್ಚಿಕೊಂಡಿರುವುದೂ ಉಂಟು. ಉಗುರು ಬುಡದಿಂದ ಅಲುಗಾಡುತ್ತಿದ್ದರೆ, ಅಡ್ಡಲಾಗಿ ಬೆಳೆದು ಬೆರಳು ತಿರುಚಿದ್ದರೆ ಕಾರಣ ಅದೇ ಇರಬಹುದು.

ಬೆರಳಿನ ಸುತ್ತ, ಉಗುರಿನ ಬುಡದಲ್ಲಿ ದಪ್ಪ ಬೂದು ಹಕ್ಕಳೆ ಕಟ್ಟಿದ್ದರೆ ಮೂಗು, ತುಟಿ, ಕಿವಿಯ ಅಂಚುಗಳನ್ನೂ ನೋಡಿ. ಅಲ್ಲೂ ಇದ್ದರೆ ಕಜ್ಜಿಯ ನುಸಿ ಎಂಬ ಅನುಮಾನ ಬಲವಾಗುತ್ತದೆ. ಇದು ಚರ್ಮವನ್ನು ಕೊರೆದು ಒಳಗೆ ವಾಸಿಸುವ, ಕಣ್ಣಿಗೆ ಕಾಣದ ಜೀವಿ; ತುರಿಕೆ ವಿಪರೀತ. ಬೆನ್ನಿನ ಮೇಲೆ ಹೊಟ್ಟು ಉದುರುತ್ತಿದ್ದರೆ ಅದು ಕೂದಲಿನ ನುಸಿಯಾಗಿರಬಹುದು. ಕೂದಲು ಉದುರಿ ಹೊಟ್ಟುಗಟ್ಟಿದ ಕಲೆಗಳಿದ್ದರೆ ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು ಇರಬಹುದು. ಈ ಮೂರೂ ಮನುಷ್ಯರ ಮೈಗೂ ಹತ್ತಬಲ್ಲವು. ಕೈಗವಸು ಹಾಕಿದ್ದು ಅದಕ್ಕೇ. ನಿಮ್ಮ ಮುಂಗೈಯಲ್ಲಿ ಹೊಸದಾಗಿ ತುರಿಕೆ ಎದ್ದಿದ್ದರೆ ನಾಚಿಕೆಪಡದೆ ವೈದ್ಯರಿಗೆ ಹೇಳಿ. ಅದೂ ರೋಗ ಗುರುತಿಸಲು ನೆರವಾಗುವ ಸುಳಿವು.

ಹುಣ್ಣು ಹಿಂಗಾಲಿನ ಹಿಮ್ಮಡಿಯ ಅಡಿಯಲ್ಲಿ, ಎರಡೂ ಕಾಲಿಗೆ ಸುಮಾರಾಗಿ ಒಂದೇ ಜಾಗದಲ್ಲಿದ್ದರೆ ಅದು ಕಚ್ಚಿದ ಗಾಯವಾಗಿರುವುದು ಕಡಿಮೆ. ಗಟ್ಟಿ ಅಥವಾ ಒದ್ದೆ ನೆಲ, ತಂತಿಜಾಲರಿ, ಅತಿ ತೂಕ ಸೇರಿ ಆಗುವ ಒತ್ತಡದ ಹುಣ್ಣು ಅದು. ಪಾದದ ಕೂದಲು ತೆಳುವಾಗಿರುವ ರೆಕ್ಸ್ ತಳಿಯಲ್ಲಿ ಹೆಚ್ಚು. ನೆಕ್ಕಿ ನೆಕ್ಕಿ ಅದನ್ನು ಕೆಡಿಸಿಕೊಂಡಿರಬಹುದು, ಆದರೆ ಮೊದಲ ಕಾರಣ ನೆಲ.

ಇನ್ನು ಅತ್ಯಂತ ಗಂಭೀರ ಬಗೆ: ಬೆರಳಿನ ತುದಿ ಕಡಿದುಹೋಗಿದೆ, ಗಾಯ ಆಳವಾಗಿದೆ, ಆದರೂ ಮುಟ್ಟಿದಾಗ ಮೊಲ ಲೆಕ್ಕಿಸುತ್ತಲೇ ಇಲ್ಲ. ಪಾದದ ಮೇಲ್ಭಾಗ ನೆಲಕ್ಕೆ ತಾಗಿ ಮಡಚಿಕೊಂಡಿದ್ದರೂ ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತಿಲ್ಲ. ಇದು ನರಕ್ಕೆ ಪೆಟ್ಟಾದ ಲಕ್ಷಣ. ನೋವು ಗೊತ್ತಾಗುತ್ತದೋ ಇಲ್ಲವೋ ಎಂದು ನೀವೇ ಚಿವುಟಿ ನೋಡಬೇಡಿ. ಚಿವುಟಿದಾಗ ಕಾಲು ಹಿಂದಕ್ಕೆ ಸರಿದರೂ ಅದು ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ಪ್ರತಿವರ್ತನೆ ಮಾತ್ರ ಆಗಿರಬಹುದು. ಮೊಲಕ್ಕೆ ನೋವು ಗೊತ್ತಾಯಿತು ಎಂದಲ್ಲ. ಅದನ್ನು ತಿಳಿಯುವುದು ಪಳಗಿದ ಕೈಯ ಕೆಲಸ.

ಹಂತ 5: ಪ್ರಥಮ ಚಿಕಿತ್ಸೆ

1. ರಕ್ತ ಬರುತ್ತಿದ್ದರೆ ಗಾಜ್ ಬಟ್ಟೆ ಇಟ್ಟು ಐದು ನಿಮಿಷ ಬಿಡದೆ ಒತ್ತಿ. ನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಉಗುರಿನ ತುದಿಯಿಂದ ಮಾತ್ರ ರಕ್ತವಾದರೆ ಕಾರ್ನ್‌ಫ್ಲೋರ್ ಒತ್ತಿದರೂ ನಿಲ್ಲುತ್ತದೆ. ತೆರೆದ ಗಾಯಕ್ಕೆ ಅದನ್ನು ಹಾಕಬೇಡಿ.

2. ಉಗುರುಬೆಚ್ಚಗಿನ ಉಪ್ಪುನೀರನ್ನು ಗಾಯದ ಮೇಲೆ ಸುರಿದು ತೊಳೆಯಿರಿ. ಉಜ್ಜಬೇಡಿ. ಪೊವಿಡೋನ್ ಅಯೋಡಿನ್ ಬಳಸುವುದಾದರೆ ನೀರು ಬೆರೆಸಿ ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ತೆಳುಮಾಡಿ.

3. ಪಾದವನ್ನಷ್ಟೇ ತೊಳೆಯಿರಿ, ಮೊಲಕ್ಕೆ ಸ್ನಾನ ಮಾಡಿಸಬೇಡಿ. ಪೂರ್ತಿ ನೆನೆದ ಮೊಲದ ಮೈ ಬೇಗ ತಣ್ಣಗಾಗುತ್ತದೆ, ಆಘಾತಕ್ಕೂ ಒಳಗಾಗುತ್ತದೆ. ತೊಳೆದ ಮೇಲೆ ಒತ್ತಿ ಒತ್ತಿ ಒಣಗಿಸಿ.

4. ಸ್ವಚ್ಛ ಟವೆಲ್ ಹಾಸಿದ ಚಿಕ್ಕ ಜಾಗದಲ್ಲಿ ಬಿಡಿ. ಒಣಹುಲ್ಲು, ನೀರು ಬಾಯಿಗೆಟುಕುವಂತಿರಲಿ.

ಹಚ್ಚಬಾರದ್ದು: ಹೈಡ್ರೊಜನ್ ಪೆರಾಕ್ಸೈಡ್, ಸ್ಪಿರಿಟ್, ಫಿನಾಲ್ ಇರುವ ಸೋಂಕುನಾಶಕ, ಟೀ ಟ್ರೀ ಎಣ್ಣೆ, ಮನುಷ್ಯರ ಚರ್ಮದ ಮುಲಾಮು. ಅಂತಹ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುವುದು ಸಾಮಾನ್ಯ. ಮೊಲಗಳು ಅದಕ್ಕೆ ಬಹಳ ಸೂಕ್ಷ್ಮ. ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಪಾದಕ್ಕೆ ಹಚ್ಚಿದ್ದೆಲ್ಲ ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಗೆ ಹೋಗುತ್ತದೆ ಎಂಬ ಲೆಕ್ಕ ಇಟ್ಟುಕೊಂಡರೆ ಸಾಕು, ಅರ್ಧ ತಪ್ಪುಗಳು ತಪ್ಪುತ್ತವೆ.

ಹಂತ 6: ವೈದ್ಯರ ಬಳಿ

ಸಾಧ್ಯವಾದರೆ ಮೊಲಗಳಿಗೆ ಚಿಕಿತ್ಸೆ ಮಾಡಿ ಅನುಭವವಿರುವವರನ್ನೇ ಹುಡುಕಿ. ವಿಡಿಯೊ, ನೀವು ಬರೆದಿಟ್ಟ ವಿವರ, ಆ ದಿನದ ತೂಕ ಜೊತೆಗಿರಲಿ. ಜೋಡಿ ಮೊಲವಿದ್ದರೆ ಅದನ್ನೂ ಕರೆದೊಯ್ಯಿರಿ. ಬೇರೆ ವಾಸನೆ ಹೊತ್ತು ಮರಳಿದ ಸಂಗಾತಿಯ ಮೇಲೆ ಮನೆಯಲ್ಲಿದ್ದದ್ದು ಎರಗುವುದುಂಟು.

ಮಾಡಬಹುದಾದ ಪರೀಕ್ಷೆಗಳು: ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನುಸಿ ಹುಡುಕುವುದು, ಶಿಲೀಂಧ್ರಕ್ಕಾಗಿ ಕೂದಲ ಮಾದರಿ, ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವುದು, ಪಾದ ಮತ್ತು ಬೆನ್ನಿನ ಎಕ್ಸ್‌ರೇ. ಆಳದ ಗಾಯಕ್ಕೆ ಎಕ್ಸ್‌ರೇ ಬೇಡವೆನ್ನಬೇಡಿ. ಸೋಂಕು ಮೂಳೆಗೆ ಇಳಿದಿದೆಯೇ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಮೊಲದ ಕೀವು ಗಟ್ಟಿಯಾಗಿ, ಮುದ್ದೆಯಾಗಿರುತ್ತದೆ, ತಾನಾಗಿ ಹರಿದುಹೋಗುವುದಿಲ್ಲ. ಹಾಗಾಗಿ ಮಾತ್ರೆಯಿಂದಷ್ಟೇ ವಾಸಿಯಾಗದೆ ಬಿಡಿಸಿ ತೆಗೆಯಬೇಕಾಗಬಹುದು. ಬೆರಳು ಸತ್ತಿದ್ದರೆ ಅದನ್ನು ತೆಗೆಯುವ ಸಲಹೆ ಬರಬಹುದು. ಕೇಳಲು ಕಠಿಣ, ಆದರೆ ಒಂದು ಬೆರಳಿಲ್ಲದೆ ಮೊಲ ಚೆನ್ನಾಗಿಯೇ ಓಡಾಡುತ್ತದೆ.

ಅರಿವಳಿಕೆ ಕೊಡುವುದಿದ್ದರೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಡಿ. ಮೊಲ ವಾಂತಿ ಮಾಡಲಾರದು, ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಲ್ಲುವ ಅಪಾಯವೇ ಹೆಚ್ಚು.

ಔಷಧದ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾದದ್ದು ಇದು. ಬಾಯಿಯ ಮೂಲಕ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಸೆಫಲೆಕ್ಸಿನ್, ಲಿಂಕೊಮೈಸಿನ್, ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ಮೊಲದ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ಕೊಂದು ಪ್ರಾಣಕ್ಕೇ ಎರವಾಗಬಲ್ಲವು. ಮನೆಯಲ್ಲಿ ಉಳಿದ ಮಾತ್ರೆಯನ್ನು ಕಾಲು ಭಾಗ ಮಾಡಿ ಕೊಡುವ ಯೋಚನೆ ಬೇಡ. ಮೊಲಕ್ಕೆ ಎನ್ರೋಫ್ಲಾಕ್ಸಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಬಗೆಯವನ್ನು ವೈದ್ಯರು ಆರಿಸಿಕೊಳ್ಳುವುದು ವಾಡಿಕೆ. ನುಸಿಗೆ ಐವರ್ಮೆಕ್ಟಿನ್ ಅಥವಾ ಸೆಲಮೆಕ್ಟಿನ್ ಕೊಡುತ್ತಾರೆ. ಮೊಟ್ಟೆಗಳಿಂದ ಹೊರಬರುವ ಹೊಸ ನುಸಿಗಳಿಗಾಗಿ ವಾರಗಳ ಅಂತರದಲ್ಲಿ ಮತ್ತೆ ಕೊಡಬೇಕಾಗುತ್ತದೆ. ನಾಯಿ, ಬೆಕ್ಕುಗಳಿಗೆ ಹಾಕುವ ಫಿಪ್ರೊನಿಲ್ ಹನಿಗಳು ಮೊಲಕ್ಕೆ ವಿಷ.

ನೋವುನಿವಾರಕ ಕೊಟ್ಟಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಮೆಲಾಕ್ಸಿಕ್ಯಾಮ್ ಸಾಮಾನ್ಯವಾಗಿ ಬಳಕೆಯಲ್ಲಿರುವುದು. ನರದ ನೋವಿಗೆ ಅದೊಂದೇ ಸಾಲದು, ಗ್ಯಾಬಪೆಂಟಿನ್‌ನಂತಹದ್ದು ಬೇಕಾಗಬಹುದು. ನರದ ನೋವು ತಗ್ಗಿದ ಮೇಲೆ ಕಚ್ಚುವುದೂ ಕಡಿಮೆಯಾಗುವುದುಂಟು. ಅದಾಗದೆ ಬರಿಯ ಗಾಯಕ್ಕೆ ಮದ್ದು ಹಚ್ಚುವುದು ವ್ಯರ್ಥ ಶ್ರಮ.

ಹಂತ 7: ಬಾಯಿಯಿಂದ ಪಾದವನ್ನು ಕಾಪಾಡುವುದು

ಕೊರಳಿನ ತಡೆಪಟ್ಟಿ ಮೊಲಕ್ಕೆ ದೊಡ್ಡ ಹಿಂಸೆ. ಅದನ್ನು ಹಾಕಿಕೊಂಡ ಮೊಲ ಮೈ ಶುಚಿ ಮಾಡಿಕೊಳ್ಳಲಾರದು, ಹಲವು ಸಲ ಊಟವನ್ನೇ ಬಿಡುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿರುವುದಿಲ್ಲ: ಮೊಲ ಗಟ್ಟಿ ಹಿಕ್ಕೆಯಲ್ಲದೆ ಗೊಂಚಲಾಗಿರುವ ಮೆತ್ತನೆಯ ಹಿಕ್ಕೆಯನ್ನೂ ಹಾಕುತ್ತದೆ, ಅದನ್ನು ನೇರವಾಗಿ ಗುದದಿಂದಲೇ ತಿಂದು ಪೋಷಕಾಂಶ ಪಡೆಯುತ್ತದೆ. ಪಟ್ಟಿಯಿದ್ದರೆ ಅಲ್ಲಿಗೆ ಬಾಯಿ ಎಟುಕುವುದಿಲ್ಲ. ನೀವೇ ಎತ್ತಿ ಬಾಯಿಯ ಬಳಿ ಇಡಬೇಕು.

ಹಾಗೆಂದು, ಬೆರಳನ್ನೇ ಕಡಿಯುತ್ತಿರುವ ಮೊಲಕ್ಕೆ ಪಟ್ಟಿ ಬೇಡವೆನ್ನಲಾಗದು. ಮೆತ್ತನೆಯ ಬಟ್ಟೆಯದನ್ನು ಆರಿಸಿ. ಆದಷ್ಟು ಕಡಿಮೆ ದಿನ ಇರಲಿ. ನೀರನ್ನು ಬಾಟಲಿ ಬದಲು ಅಗಲ ಬಟ್ಟಲಿನಲ್ಲಿಡಿ. ದಿನಕ್ಕೆ ಎರಡು ಸಲ ಕೊರಳ ಸುತ್ತಲಿನ ಚರ್ಮ ಮತ್ತು ಬಾಲದ ಕೆಳಗಿನ ಭಾಗ ನೋಡಿ. ನೀವು ಪಕ್ಕದಲ್ಲೇ ಕುಳಿತಿರುವ ಹೊತ್ತಿನಲ್ಲಿ ತೆಗೆದು ಬಿಡಬಹುದು.

ಬ್ಯಾಂಡೇಜ್ ಕಟ್ಟಲು ವೈದ್ಯರಿಂದ ಕಲಿತುಕೊಳ್ಳಿ, ಊಹೆಯಿಂದ ಕಟ್ಟಬೇಡಿ. ಬಿಗಿಯಾದರೆ ರಕ್ತಸಂಚಾರ ನಿಂತು ಬೆರಳು ಊದುತ್ತದೆ, ತಣ್ಣಗಾಗುತ್ತದೆ. ಸುಮ್ಮನಿದ್ದ ಮೊಲ ಇದ್ದಕ್ಕಿದ್ದಂತೆ ಬ್ಯಾಂಡೇಜನ್ನು ಕಡಿಯತೊಡಗಿದರೆ ತುಂಟತನವೆಂದು ಬೈಯಬೇಡಿ. ಬಿಗಿಯಾಗಿದೆ, ಒದ್ದೆಯಾಗಿದೆ ಅಥವಾ ಒಳಗೆ ಕೀವಾಗಿದೆ. ಒದ್ದೆಯಾದದ್ದನ್ನು ಆಗಲೇ ಬದಲಿಸಬೇಕು. ಕಡಿದು ನುಂಗಿದ ಬಟ್ಟೆ ಕರುಳಿಗೆ ಅಡ್ಡ ಬರುವ ಅಪಾಯವೂ ಇದೆ. ಕಾಲುಚೀಲ ತೊಡಿಸುವ ಉಪಾಯಕ್ಕೂ ಇದೇ ಆಕ್ಷೇಪ.

ಹಂತ 8: ಗೂಡು ಮತ್ತು ದಿನಚರಿ

ತಂತಿಜಾಲರಿಯ ನೆಲವಿದ್ದರೆ ತೆಗೆಯಿರಿ. ಒಣಗಿದ, ಮೆತ್ತನೆಯ, ಜಾರದ ಹಾಸು ಇರಲಿ. ಮೂತ್ರವಾದ ಜಾಗವನ್ನು ದಿನವೂ ಬದಲಿಸಿ. ನುಸಿ ಇದ್ದಲ್ಲಿ ಹಾಸನ್ನೆಲ್ಲ ಬಿಸಿನೀರಿನಲ್ಲಿ ಒಗೆದು, ಜೊತೆಯ ಮೊಲಗಳಿಗೂ ಚಿಕಿತ್ಸೆ ಕೊಡಿಸಿ.

ಬೇಸರದಿಂದ, ಒತ್ತಡದಿಂದ ಕಚ್ಚಿಕೊಳ್ಳುವ ಮೊಲಗಳೂ ಇಲ್ಲದಿಲ್ಲ. ಆದರೆ ಈ ತೀರ್ಮಾನಕ್ಕೆ ಬರಬೇಕಾದದ್ದು ನುಸಿ, ಮುಳ್ಳು, ಮೂಳೆ, ನರ ಎಲ್ಲವನ್ನೂ ನೋಡಿ ಆದ ಮೇಲೆ. "ಇದಕ್ಕೆ ಬೇಜಾರಾಗಿದೆ ಅಷ್ಟೇ" ಎಂದು ಮೊದಲೇ ನಿರ್ಧರಿಸಿದ್ದರಿಂದ ಕೆಟ್ಟುಹೋದ ಪಾದಗಳೇ ಹೆಚ್ಚು. ಕಾರಣ ಅದೇ ಎಂದಾದರೆ ದೊಡ್ಡ ಜಾಗ, ಅಡಗಿಕೊಳ್ಳಲು ಪೆಟ್ಟಿಗೆ, ಅಗೆಯಲು ಕಾಗದದ ಚೂರು ತುಂಬಿದ ತೊಟ್ಟಿ, ಹೊತ್ತೆಲ್ಲ ಮೆಲ್ಲಲು ಒಣಹುಲ್ಲು, ಹೊಂದಿಕೊಳ್ಳುವ ಸಂಗಾತಿ, ಇವೇ ಮದ್ದು.

ಹಂತ 9: ಗುಣವಾಗುತ್ತಿದೆಯೇ?

ದಿನವೂ ಅದೇ ಬೆಳಕಿನಲ್ಲಿ, ಅದೇ ದೂರದಿಂದ ಗಾಯದ ಚಿತ್ರ ತೆಗೆಯಿರಿ, ದಿನವೂ ತೂಗಿ. ಹಿಕ್ಕೆಯ ಗಾತ್ರ ಚಿಕ್ಕದಾಗುತ್ತಿದ್ದರೆ, ಹಲ್ಲು ಕಟಕಟಿಸುತ್ತ ಮುದುಡಿ ಕೂರುತ್ತಿದ್ದರೆ ನೋವು ಹಿಡಿತಕ್ಕೆ ಬಂದಿಲ್ಲ. ಮೇಲ್ಮೈ ಗಾಯಗಳು ಬೇಗ ಮಾಯುತ್ತವೆ. ಹಿಮ್ಮಡಿಯ ಆಳವಾದ ಹುಣ್ಣು, ಮೂಳೆಯ ಸೋಂಕು ತಿಂಗಳುಗಟ್ಟಲೆ ಹಿಡಿಯಬಹುದು. ಗಾಯ ಮುಚ್ಚಿತೆಂದು ಔಷಧವನ್ನು ನಡುವೆ ನಿಲ್ಲಿಸಬೇಡಿ.

ತಡೆಪಟ್ಟಿಯನ್ನು ಒಂದೇ ಸಲಕ್ಕೆ ತೆಗೆದು ಮಲಗಲು ಹೋಗಬೇಡಿ. ಮೊದಲ ದಿನ ನಿಮ್ಮ ಕಣ್ಣೆದುರಲ್ಲಿ ಅರ್ಧ ಗಂಟೆ, ಮರುದಿನ ಇನ್ನಷ್ಟು ಹೊತ್ತು, ಹೀಗೆ ಹೆಚ್ಚಿಸುತ್ತ ಬನ್ನಿ. ಸಾಮಾನ್ಯವಾಗಿ ನೆಕ್ಕಿಕೊಂಡು ಸುಮ್ಮನಾದರೆ ಸರಿ. ಅದೇ ಬೆರಳನ್ನು ಹುಡುಕಿ ಹಲ್ಲು ಹಾಕಿದರೆ ಪಟ್ಟಿಯನ್ನು ಮತ್ತೆ ಕಟ್ಟಿ, ವೈದ್ಯರಿಗೆ ಫೋನ್ ಮಾಡಿ, ಎರಡನೆಯ ಹಂತದಲ್ಲಿ ಬರೆದಿಟ್ಟ ಪಟ್ಟಿಯನ್ನು ಇನ್ನೊಮ್ಮೆ ತೆರೆದು ಬಿಟ್ಟುಹೋದದ್ದು ಏನೆಂದು ನೋಡಿ.